ಕ್ಯೂ ಮಾಮ ಸಾಲಿನಲ್ಲಿ ನಿಂತ ದಿನ

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಏಳು ಕಿಟಕಿಗಳಿವೆ. ಅವುಗಳ ಹಿಂದೆ ಕೂರುವ ಗುಮಾಸ್ತರು ಬದಲಾಗುತ್ತಾರೆ, ಕುಲಸಚಿವರು ಬದಲಾಗುತ್ತಾರೆ, ಗೋಡೆಯ ಬಣ್ಣ ಕೂಡ ಒಮ್ಮೊಮ್ಮೆ ಬದಲಾಗುತ್ತದೆ. ಕಿಟಕಿಗಳ ಈಚೆ ನಿಂತ ಮನುಷ್ಯ ಮಾತ್ರ ಮೂವತ್ತೊಂದು ವರ್ಷದಿಂದ ಅವನೇ. ಹುದ್ದೆಯ ಹೆಸರು ಅಟೆಂಡರ್. ಆದರೆ ಅಟೆಂಡರ್ ಎಲ್ಲಿದ್ದಾರೆ ಎಂದು ಕೇಳಿದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಕ್ಯೂ ಮಾಮ ಅನ್ನಿ, ಗೇಟಿನ ಕಾವಲುಗಾರ ಕೈಹಿಡಿದು ಕರೆತಂದು ಬಿಡುತ್ತಾನೆ.

ಅವನ ಕೆಲಸ ಒಂದೇ, ಸಾಲು ನಿಲ್ಲಿಸುವುದು. ಫೀಸಿನ ಸಾಲು, ಹಾಲ್ ಟಿಕೆಟ್ಟಿನ ಸಾಲು, ಅಂಕಪಟ್ಟಿಯ ಸಾಲು, ಮರುಎಣಿಕೆಗೆ ಅರ್ಜಿ ಹಾಕುವವರ ಕಣ್ಣೀರಿನ ಸಾಲು. ಇದೇನು ಮಹಾ ವಿದ್ಯೆ ಎಂದು ಮೂಗು ಮುರಿಯಬೇಡಿ. ಒಂದು ದಿನ ನೀವು ನಿಲ್ಲಿಸಿ ನೋಡಿ, ಗೊತ್ತಾಗುತ್ತದೆ! ಆರುನೂರು ಜನ ಹರೆಯದವರು, ನಾಲ್ಕು ದಿನಕ್ಕೆ ಪರೀಕ್ಷೆ, ತೆರೆದಿರುವುದು ಒಂದೇ ಕಿಟಕಿ, ಅದರ ಹಿಂದಿನ ಗುಮಾಸ್ತ ಚಹಾ ಕುಡಿಯಲು ಹೋಗಿದ್ದಾನೆ. ಕ್ಯೂ ಮಾಮನ ಕೈಯಲ್ಲಿ ಕೋಲಿರಲಿಲ್ಲ, ಬಾಯಲ್ಲಿ ಸೀಟಿ ಇರಲಿಲ್ಲ. ಬಲಗೈ ಎತ್ತಿ "ಮುಂದಿನವರು!" ಅನ್ನುತ್ತಿದ್ದ, ಅಷ್ಟೆ. ಆ ಒಂದು ಮಾತಿಗೆ ಹನುಮಂತನ ಬಾಲದಂಥ ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತಿತ್ತು.

ಸಾಲಿನ ಬಗ್ಗೆ ಅವನಿಗೆ ತಿಳಿದಿದ್ದು ಅಲ್ಲಿನ ಯಾವ ಪ್ರೊಫೆಸರಿಗೂ ತಿಳಿದಿರಲಿಲ್ಲ. ಖಾಲಿ ಕಿಟಕಿಗೆ ಯಾರೂ ಹೋಗುವುದಿಲ್ಲ. ಜನ ಇದ್ದ ಕಡೆಗೇ ಜನ ಬರುತ್ತಾರೆ. ಮೊದಲು ನಿಲ್ಲುತ್ತಾರೆ, ಆಮೇಲೆ ಮುಂದಿದ್ದವರ ಭುಜ ತಟ್ಟಿ "ಇದು ಏನಕ್ಕೆ ಕ್ಯೂ?" ಎಂದು ಕೇಳುತ್ತಾರೆ. ಒಮ್ಮೆ ಬಣ್ಣ ಬಳಿಯಲೆಂದು ಹನ್ನೆರಡು ಕುರ್ಚಿಗಳನ್ನು ಕಾರಿಡಾರಿನಲ್ಲಿ ಒಂದರ ಹಿಂದೆ ಒಂದು ಇಟ್ಟು ಮಾಮ ಬ್ರಷ್ಷು ತರಲು ಹೋಗಿದ್ದ. ಬರುವಷ್ಟರಲ್ಲಿ ಕೊನೆಯ ಕುರ್ಚಿಯ ಹಿಂದೆ ಐದು ಜನ ನಿಂತಿದ್ದರು. ಅವರಲ್ಲೊಬ್ಬರು ತರ್ಕಶಾಸ್ತ್ರದ ಮೇಷ್ಟ್ರು.

ಅವನದೊಂದು ಕಟ್ಟುನಿಟ್ಟು ಇತ್ತು. ಸಾಲಿನಲ್ಲಿ ನಿಂತವರನ್ನು ಯಾಕೆ ಬಂದೆ ಎಂದು ಅವನು ಕೇಳುತ್ತಿರಲಿಲ್ಲ. ಬೇರೆಯವರು ಕೇಳಿದರೆ ಸಿಡುಕುತ್ತಿದ್ದ. "ಅದು ಅವರಿಗೂ ಕಿಟಕಿಗೂ ಇರೋ ಮಾತು. ಮಧ್ಯೆ ನಿಂದೇನಪ್ಪ?" ಫೇಲಾದವನೂ ಒಂದೇ, ರ‍್ಯಾಂಕ್ ಬಂದವಳೂ ಒಂದೇ. ಈ ಕಟ್ಟುನಿಟ್ಟು ಅವನಿಗೆ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಕಥೆ ಇದೆ, ಸ್ವಲ್ಪ ತಾಳಿ, ಅಲ್ಲಿಗೇ ಬರುತ್ತೇನೆ.

ಮಾಮನ ಹೆಂಡತಿ ಹುಡುಗಿಯರ ಹಾಸ್ಟೆಲಿನ ಅಡುಗೆಮನೆಯಲ್ಲಿ ತರಕಾರಿ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆ ಎಂಬುದು ಅವಳೇ ಇಟ್ಟುಕೊಂಡ ಪದವಿ. ಕೈಕೆಳಗೆ ಐದು ಜನ ಹೆಂಗಸರು ತರಕಾರಿ ಹೆಚ್ಚುತ್ತಾರೆ, ಇವಳು ತಾನೂ ಹೆಚ್ಚುತ್ತ ಅವರನ್ನು ಬೈಯುತ್ತಾಳೆ. ಮಾಮನ ಹೆಂಡತಿಯಾದ ಮೇಲೆ ಇನ್ನೇನು, ಕ್ಯಾಂಪಸ್ಸಿಗೆಲ್ಲ ಅತ್ತೆ. ಆರುನೂರು ಜನರನ್ನು ಕೈಸನ್ನೆಯಲ್ಲಿ ನಿಲ್ಲಿಸುವ ಮಾಮ, ಸಿಬ್ಬಂದಿ ವಸತಿಯ ತನ್ನ ಎರಡು ಕೋಣೆಯ ಮನೆಯಲ್ಲಿ ಎರಡು ಜೊತೆ ಚಪ್ಪಲಿಯನ್ನೂ ಸಾಲಾಗಿ ಇಡುವಂತಿರಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ. ಅಲ್ಲಿ ನಿಲ್ಲಿಸಿದ್ದು ಸಾಕು, ಇಲ್ಲಿ ಕೂತು ಈ ಬೀನ್ಸಿನ ನಾರು ತೆಗೀರಿ," ಅನ್ನುತ್ತಿದ್ದಳು. ಮಾಮ ತೆಗೆಯುತ್ತಿದ್ದ.

ಈಗ ಆರು ಜನ ವಿದ್ಯಾರ್ಥಿಗಳ ವಿಷಯಕ್ಕೆ ಬರೋಣ. ಎಚ್‌ಐವಿ ಬಾರದಂತೆ ತಡೆಯುವ ತಿಳಿವಳಿಕೆ ಕೊಡಲು ಕ್ಯಾಂಪಸ್ಸಿನಲ್ಲಿ ಒಂದು ಸಂಘವಿತ್ತು. ಹೆಸರಿಗೆ ಸಂಘ, ಸದಸ್ಯರು ಆರೇ ಜನ. ಮುಂದಾಳು ಜೀವಶಾಸ್ತ್ರ ಓದುವ ಒಬ್ಬ ಹುಡುಗಿ. ಅವಳನ್ನು ಎಲ್ಲರೂ ಮೈಕು ಅನ್ನುತ್ತಿದ್ದರು, ಏಕೆಂದರೆ ಅವಳಿಗೆ ಮೈಕು ಬೇಕಾಗುತ್ತಿರಲಿಲ್ಲ. ಎದೆಗೆ ಕೆಂಪು ರಿಬ್ಬನ್ ಚುಚ್ಚಿಕೊಂಡು ಆರೂ ಜನ ದುಡಿದರು ನೋಡಿ, ಕತ್ತೆ ದುಡಿದ ಹಾಗೆ! ಮುನ್ನೂರು ಕುರ್ಚಿಗಳ ಸಭಾಂಗಣದಲ್ಲಿ ಉಪನ್ಯಾಸ ಇಟ್ಟರು, ಬಂದವರು ಹದಿನಾಲ್ಕು ಜನ. ಅವರಲ್ಲಿ ಒಂಬತ್ತು ಜನ ಬಂದದ್ದು ಅಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತದೆ ಎಂದು, ನಿದ್ದೆ ಮಾಡಲು. ಆಮೇಲೆ ರಕ್ತ ಪರೀಕ್ಷೆಯ ಶಿಬಿರ ಇಟ್ಟರು. ಮೊದಲ ಶಿಬಿರಕ್ಕೆ ಇಬ್ಬರು ಬಂದರು, ಇಬ್ಬರೂ ಸಂಘದವರೇ. ಎರಡನೆಯದಕ್ಕೆ ಒಬ್ಬರು. ಮೂರನೆಯದಕ್ಕೆ ಒಂದು ಬೆಕ್ಕು ಬಂದು ಮೇಜಿನ ಕೆಳಗೆ ಮಲಗಿಕೊಂಡಿತು.

ತಪ್ಪು ಎಲ್ಲಾಯಿತು ಎಂದು ಆ ಮಕ್ಕಳಿಗೆ ಹೊಳೆಯಲೇ ಇಲ್ಲ. ಪಾಪ, ಬರುವವರಿಗೆ ಮುಜುಗರ ಆಗಬಾರದು, ಎಲ್ಲ ಗುಟ್ಟಾಗಿರಲಿ ಎಂದು ಹಳೆಯ ಗ್ರಂಥಾಲಯದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಮೇಜು ಹಾಕಿದ್ದರು. ಆ ಮೂಲೆಗೆ ಹೋಗಬೇಕಾದರೆ ಉದ್ದನೆಯ ಬಯಲು ಅಂಗಳ ದಾಟಬೇಕು. ಅಂಗಳದ ಸುತ್ತ ಮೂರು ಮಹಡಿಯ ತರಗತಿಗಳು, ಪ್ರತಿ ಕಿಟಕಿಯಲ್ಲೂ ನಾಲ್ಕು ತಲೆ. ಮೂಲೆಯಲ್ಲಿ ಆ ಮೇಜು ಬಿಟ್ಟು ಬೇರೆ ಏನೂ ಇಲ್ಲ. ಅಂಗಳಕ್ಕೆ ಕಾಲಿಟ್ಟವರು ಎಲ್ಲಿಗೆ ಹೊರಟಿದ್ದಾರೆ ಎಂದು ಇಡೀ ಕ್ಯಾಂಪಸ್ಸಿಗೆ ಗೊತ್ತಾಗುತ್ತಿತ್ತು.

ಪರೀಕ್ಷಾ ವಿಭಾಗದ ವರಾಂಡದಿಂದ ಮಾಮನಿಗೂ ಎಲ್ಲ ಕಾಣುತ್ತಿತ್ತು. ಕೊನೆಯ ವರ್ಷದ ಎಂ.ಎ. ಓದುವ ಒಬ್ಬನನ್ನು ಅವನು ಗುರುತಿಟ್ಟಿದ್ದ. ತೆಳ್ಳಗಿನ ಆಳು, ಹೆಗಲಿಗೆ ಯಾವಾಗಲೂ ಒಂದು ಹಸಿರು ಚೀಲ. ಮೊದಲ ಶಿಬಿರದ ದಿನ ಹಸಿರು ಚೀಲದವನು ಅಂಗಳದ ಕಾಲುಭಾಗ ದಾಟಿ, ಬಗ್ಗಿ ಬೂಟಿನ ದಾರ ಕಟ್ಟಿಕೊಂಡವನಂತೆ ಮಾಡಿ ತಿರುಗಿ ಬಂದ. ಎರಡನೆಯ ಸಲ ಅರ್ಧ ದಾಟಿ ವಾಪಸು ಬಂದ. ಮೂರನೆಯ ಸಲ ಮೇಜಿನಿಂದ ಹತ್ತೇ ಮಾರು ದೂರದಲ್ಲಿದ್ದಾಗ ಮೇಲಿನ ಮಹಡಿಯಲ್ಲಿ ಯಾರೋ ಯಾವುದಕ್ಕೋ ನಕ್ಕರು. ಅವನು ಓಡುವವನ ಹಾಗೆ ಹಿಂದಿರುಗಿ, ವರಾಂಡದಲ್ಲಿ ಮಾಮನ ಪಕ್ಕದಲ್ಲೇ ಹಾದು ಹೋದ. ಮುಖ ಬಿಳಿಚಿಕೊಂಡಿತ್ತು. ಮಾಮ ಅವನು ಮರೆಯಾಗುವ ತನಕ ನೋಡಿದ.

ಏಕೆಂದರೆ ಆ ನಡಿಗೆಯನ್ನು ಅವನು ಹಿಂದೆ ನೋಡಿದ್ದ. ಇಪ್ಪತ್ತು ವರ್ಷದ ಕೆಳಗೆ ಅವನ ತಮ್ಮನಿಗೆ ಜ್ವರ ಬಿಡದೆ ಕಾಡತೊಡಗಿತ್ತು. ತಮ್ಮ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುವವನು, ಕೆಲಸ ಮಾಡುವಾಗ ಸಿಳ್ಳೆ ಹಾಕುವವನು, ವಯಸ್ಸು ಮೂವತ್ತನಾಲ್ಕು. ಡಾಕ್ಟರು ದೊಡ್ಡಾಸ್ಪತ್ರೆಯ ಹತ್ತೊಂಬತ್ತನೆಯ ಕೋಣೆಗೆ ಹೋಗಿ ಪರೀಕ್ಷೆ ಮಾಡಿಸು ಎಂದು ಚೀಟಿ ಬರೆದುಕೊಟ್ಟರು. ಆ ಕೋಣೆಯ ಬಾಗಿಲ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಕಾಯಿಲೆಯ ಹೆಸರು, ಅದರ ಕೆಳಗೆ ಒಂದು ಬೆಂಚು, ಬೆಂಚಿಗೆ ಎದುರಾಗಿ ಆಸ್ಪತ್ರೆಯ ಹೆಬ್ಬಾಗಿಲು. ಮೂರು ಸಲ ಅಣ್ಣತಮ್ಮ ಹೋದರು. ಮೂರು ಸಲವೂ ತಮ್ಮ ಆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, "ನಾಳೆ ಬರೋಣ ಬಿಡಣ್ಣ," ಎಂದು ಎದ್ದುಬಿಟ್ಟ. ಔಷಧಿ ಆಗಲೇ ಆ ಆಸ್ಪತ್ರೆಗೆ ಬಂದಿತ್ತು, ಬಿಟ್ಟಿ ಕೊಡುತ್ತಿದ್ದರು. ತಮ್ಮ ನಾಲ್ಕನೆಯ ಸಲ ಹೋಗಲಿಲ್ಲ, ಉಳಿಯಲೂ ಇಲ್ಲ.

ಮಾಮ ಇದನ್ನು ಹೆಂಡತಿಯ ಹತ್ತಿರ ಮಾತ್ರ ಹೇಳಿಕೊಂಡಿದ್ದ. ಹೆಂಡತಿಗೂ ಹೇಳದ ಮಾತು ಒಂದಿತ್ತು. ಆ ಮೂರೂ ಸಲ ಅವನು ತಮ್ಮನ ಪಕ್ಕದಲ್ಲಿ ಕೂತಿರಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ, ಯಾರೋ ಬೇರೆಯವನ ಹಾಗೆ, ಪೇಪರು ಅಡ್ಡ ಹಿಡಿದು ಕೂತಿದ್ದ. ತಮ್ಮನಿಗಿದ್ದಷ್ಟೇ ನಾಚಿಕೆ ಅವನಿಗೂ ಇತ್ತು. ಆ ಬೆಂಚಿನಿಂದ ಎದ್ದು ಬಂದಮೇಲೆ ಅವನು ಯಾರನ್ನೂ ಯಾಕೆ ನಿಂತೆ ಎಂದು ಕೇಳಿದವನಲ್ಲ.

ಮೂರನೆಯ ಶಿಬಿರದ ಮರುದಿನ ಮೈಕು ಪರೀಕ್ಷಾ ವಿಭಾಗದ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಬಾಯಿಂದ ಮಾತೇ ಇಲ್ಲ! ಮಾಮನಿಗೆ ಗಾಬರಿಯಾಯಿತು.

"ಏನು ತಾಯಿ, ಹುಷಾರಿಲ್ವಾ?"

"ಇನ್ನೊಂದೇ ಸಲ ಮಾಮ. ನಾಲ್ಕನೇದೂ ಖಾಲಿ ಹೋದ್ರೆ ಆರೋಗ್ಯ ಕೇಂದ್ರದವರು ಇನ್ನು ರಕ್ತ ಪರೀಕ್ಷೆ ಕಿಟ್ಟು ಕೊಡಲ್ವಂತೆ. ಕಾರ್ಯಕ್ರಮ ಬಂದ್. ಜನಕ್ಕೆ ಬೇಕಿಲ್ಲ ಅಂದಮೇಲೆ ಯಾಕೆ ಅಂದ್ರು."

"ಬೇಕಿಲ್ಲ ಅಂತ ಯಾರು ಹೇಳಿದ್ದು?" ಮಾಮನ ದನಿ ಏರಿತು. ಅವನ ಕಣ್ಣ ಮುಂದೆ ಹಸಿರು ಚೀಲ ಬಂದು ನಿಂತಿತ್ತು. ಇನ್ನು ಹನ್ನೆರಡು ದಿನಕ್ಕೆ ಪರೀಕ್ಷೆ. ಅದು ಮುಗಿದರೆ ಆ ಹುಡುಗ ಕ್ಯಾಂಪಸ್ಸು ಬಿಟ್ಟು ಹೋಗುತ್ತಾನೆ. ನಾಲ್ಕನೆಯ ಸಲ ಅವನು ಒಳಗೆ ಹೋಗದಿದ್ದರೆ ಇನ್ನೆಲ್ಲಿ ಹೋಗುತ್ತಾನೆ? "ನೋಡು ತಾಯಿ, ಗುಟ್ಟು ಅಂತ ಮೂಲೇಲಿ ಇಟ್ಟಿದ್ದೀರಿ. ಅಲ್ಲಿಗೆ ನಡ್ಕೊಂಡು ಹೋಗೋದೇ ಡಂಗುರ ಆಗೋಯ್ತು. ಅದನ್ನ ತಂದು ಸಂತೆ ಮಧ್ಯೆ ಇಡು. ಸಂತೇಲಿ ಪಿಸುಗುಟ್ಟಿದ್ರೆ ಯಾರಿಗೆ ಕೇಳುತ್ತೆ?"

"ಸಂತೆ ಎಲ್ಲಿದೆ ಮಾಮ?"

"ಮುಂದಿನ ಸೋಮವಾರ ಹಾಲ್ ಟಿಕೆಟ್ ಕೊಡ್ತೀವಲ್ಲ! ಅದಕ್ಕಿಂತ ದೊಡ್ಡ ಸಂತೆ ಬೇಕಾ?"

ಯೋಜನೆ ಹೀಗಿತ್ತು. ಹಾಲ್ ಟಿಕೆಟ್ಟಿಗೆ ಬಂದ ಎಲ್ಲರದೂ ಒಂದೇ ಸಾಲು. ಮೊದಲ ಮೇಜಿನಲ್ಲಿ ಕಣ್ಣು, ಬಿಪಿ ನೋಡುತ್ತಾರೆ. ಎರಡನೆಯ ಮೇಜಿನಲ್ಲಿ ಸಂಘದವರು ಮಾತಾಡಿಸುತ್ತಾರೆ. ಅಲ್ಲಿಂದ ಪರದೆ ಹಾಕಿದ ಕೋಣೆಯೊಳಗೆ ಒಬ್ಬೊಬ್ಬರೇ ಹೋಗಬೇಕು. ಕೋಣೆಯ ಇನ್ನೊಂದು ಬಾಗಿಲಿನಿಂದ ಹೊರಬಂದರೆ ಮೂರನೆಯ ಕಿಟಕಿ, ಹಾಲ್ ಟಿಕೆಟ್ಟು. ಒಳಗೆ ಬಲವಂತವಿಲ್ಲ. ಬೇಕಾದವರು ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಬೆರಳು ಕೊಡಲಿ, ಬೇಡವಾದವರು ಒಂದು ಲೋಟ ನೀರು ಕುಡಿದು, ಅಷ್ಟೇ ಹೊತ್ತು ಕೂತು ಹೋಗಲಿ. ಯಾರು ಕೊಟ್ಟರು, ಯಾರು ಬಿಟ್ಟರು ಎಂದು ಹೊರಗಿದ್ದವರಿಗೆ ತಿಳಿಯುವ ಮಾತೇ ಇಲ್ಲ. ಇನ್ನು ಕುಲಸಚಿವರ ಅನುಮತಿ. ಸಹಿಗೆ ಕಾಯುವ ಕಡತಗಳ ಸಾಲಿನಲ್ಲಿ ಯಾವ ಅರ್ಜಿಯನ್ನು ಎಷ್ಟನೆಯದಾಗಿ ಇಟ್ಟರೆ ಅವರು ಓದದೆ ಸಹಿ ಹಾಕುತ್ತಾರೆ ಎಂಬುದೂ ಮಾಮನಿಗೆ ಗೊತ್ತಿತ್ತು.

ಆ ಸಂಜೆ ಬೀನ್ಸಿನ ನಾರು ತೆಗೆಯುತ್ತ ಹೆಂಡತಿಗೆ ಎಲ್ಲ ಬಿಡಿಸಿ ಹೇಳಿದ. ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು ಅಂದರೂ ತಪ್ಪಿಲ್ಲ. ಅತ್ತೆ ಕೇಳಿ ಮುಗಿಸಿ, ಚಾಕು ಕೆಳಗಿಟ್ಟು, ತನ್ನ ಎಡಗೈ ಅವನ ಮೂಗಿನ ಮುಂದೆ ಹಿಡಿದಳು. ಎರಡು ಬೆರಳಿಗೆ ಪ್ಲಾಸ್ಟರಿನ ಪಟ್ಟಿ.

"ಬುದ್ಧಿವಂತರು ನೀವು. ಸೂಜಿ ಚುಚ್ಚಿದ್ಮೇಲೆ ಇದನ್ನ ಹಾಕ್ತಾರೆ ತಾನೇ? ಆ ಕಡೆ ಬಾಗಿಲಿಂದ ಬಂದವರ ಬೆರಳು ನೋಡಿದ್ರೆ ಸಾಕಲ್ಲ, ಯಾರು ಕೊಟ್ರು ಯಾರು ಬಿಟ್ರು ಅಂತ ಗೊತ್ತಾಗೋಕೆ!"

ಮಾಮ ಬೀನ್ಸು ಬಿಟ್ಟು ಆ ಪಟ್ಟಿಗಳನ್ನೇ ನೋಡಿದ.

"ನಮ್ಮ ಅಡುಗೆಮನೇಲಿ ಆರೂ ಜನರ ಬೆರಳಿಗೆ ದಿನಾ ಪಟ್ಟಿ ಇರುತ್ತೆ. ಯಾವತ್ತಾದ್ರೂ ಯಾರಾದ್ರೂ ಯಾಕೆ ಅಂತ ಕೇಳಿದಾರಾ? ನೀರು ಕುಡಿದು ಬರೋರ ಬೆರಳಿಗೂ ಒಂದೊಂದು ಪಟ್ಟಿ ಸುತ್ತಿ ಕಳಿಸೋಕೆ ಹೇಳಿ. ಹೂಂ, ಬೀನ್ಸ್ ಮುಗೀತಾ?"

ಸೋಮವಾರ ಬಂತು. ಹತ್ತು ಗಂಟೆಗೆ ಸಾಲು ವರಾಂಡ ತುಂಬಿ, ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡ್ ಸುತ್ತಿಕೊಂಡಿತ್ತು. ಹಾಲ್ ಟಿಕೆಟ್ಟು ಬೇಕಿಲ್ಲದ ನಾಲ್ಕು ಜನರೂ ನಿಂತಿದ್ದರು, ತರ್ಕಶಾಸ್ತ್ರದ ಮೇಷ್ಟ್ರ ಸಮೇತ. ಎರಡನೆಯ ಮೇಜಿನಲ್ಲಂತೂ ಸಂಘದವರಿಗೆ ಸುಗ್ಗಿಯೋ ಸುಗ್ಗಿ. ಸಭಾಂಗಣಕ್ಕೆ ಬಾರದವರೆಲ್ಲ ಈಗ ತಾವಾಗಿಯೇ ಎದುರಿಗೆ ಬಂದು ನಿಲ್ಲುತ್ತಿದ್ದರು, ತಪ್ಪಿಸಿಕೊಂಡು ಓಡುವಂತಿರಲಿಲ್ಲ, ಓಡಿದರೆ ಜಾಗ ಹೋಗುತ್ತಿತ್ತು. ಒಬ್ಬ ಗಂಭೀರವಾಗಿ ಕೇಳಿದ, "ಸೊಳ್ಳೆ ಕಚ್ಚಿದ್ರೆ ಬರುತ್ತಾ?" ಮೈಕು ಇಡೀ ವರಾಂಡಕ್ಕೆ ಕೇಳುವ ಹಾಗೆ, "ಸೊಳ್ಳೆಯಿಂದ ಬರೋ ಹಾಗಿದ್ದಿದ್ರೆ ನಿಮ್ಮ ಹಾಸ್ಟೆಲಲ್ಲಿ ಒಬ್ಬರೂ ತಪ್ಪಿಸ್ಕೊಳ್ತಿರಲಿಲ್ಲ!" ಅಂದಳು. ಜನ ಹೊಟ್ಟೆ ಹಿಡಿದು ನಕ್ಕರು. ನಗು ಬಂದ ಮೇಲೆ ಪ್ರಶ್ನೆಗಳೂ ಬಂದವು. ಒಂದೇ ತಟ್ಟೆಯಲ್ಲಿ ಉಂಡರೆ? ಬರುವುದಿಲ್ಲ. ಕಾಂಡೋಮ್ ಕೇಳಲು ಅಂಗಡಿಯಲ್ಲಿ ನಾಚಿಕೆಯಾದರೆ? ಇಗೋ, ಇಲ್ಲೇ ಇದೆ, ಕೇಳದೆ ತೆಗೆದುಕೊಳ್ಳಿ. ಇದೆ ಎಂದು ಗೊತ್ತಾದವರ ಬದುಕು ಮುಗಿಯಿತೇ? ಎಲ್ಲಿ ಮುಗಿಯುತ್ತದೆ! ದಿನಾ ಮಾತ್ರೆ ನುಂಗಿ ವೈರಸ್ಸು ಪರೀಕ್ಷೆಗೂ ಕಾಣದಷ್ಟು ಅಡಗಿದ್ದರೆ ಜೊತೆಗಾರರಿಗೂ ಹರಡುವುದಿಲ್ಲ, ಓದಬಹುದು, ದುಡಿಯಬಹುದು, ಮದುವೆಯಾಗಿ ಜಗಳವಾಡಬಹುದು.

ಎಲ್ಲ ಹೂವೆತ್ತಿದ ಹಾಗೆ ನಡೆಯುತ್ತಿತ್ತು, ಪರದೆಯ ತನಕ.

ಸಾಲಿನಲ್ಲಿ ಮೊದಲಿದ್ದವನು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಆರಡಿ ಆಳು. ಪರದೆ ಸರಿಸಿ ಇಣುಕಿದ, ನರ್ಸಮ್ಮ ಕೈಗವಸು ಹಾಕಿಕೊಳ್ಳುವುದು ಕಂಡಿತು. "ಮಾಮ, ನಾನು ಹಾಲ್ ಟಿಕೆಟ್ ಮಧ್ಯಾಹ್ನ ತಗೋತೀನಿ," ಎಂದು ಸಾಲಿನಿಂದ ಆಚೆ ಹೆಜ್ಜೆ ಹಾಕಿದ. ಅವನ ಹಿಂದಿನವಳಿಗೆ ತಟ್ಟನೆ ಗ್ರಂಥಾಲಯದ ಪುಸ್ತಕ ನೆನಪಾಯಿತು. ಅವಳ ಹಿಂದಿನವನು ಫೋನು ಕಿವಿಗಿಟ್ಟುಕೊಂಡು ಹೋದ, ಫೋನು ರಿಂಗಾಗಿಯೇ ಇರಲಿಲ್ಲ. ಒಳಗೆ ಹೋದವರು ನೀರು ಕುಡಿದು ಬರಬಹುದು ಎಂದು ಮೈಕು ಕೂಗಿ ಕೂಗಿ ಹೇಳಿದಳು. ನೀರು ಕುಡಿಯಲಿಕ್ಕೂ ಮೊದಲಿಗರು ಬೇಕಲ್ಲ! ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? "ನೀ ಹೋಗೋ", "ನೀನೇ ಹೋಗೇ" ಎಂದು ಒಬ್ಬರನ್ನೊಬ್ಬರು ತಳ್ಳಿದ್ದೇ ತಳ್ಳಿದ್ದು. ಮೂವತ್ತೊಂದು ವರ್ಷದಲ್ಲಿ ಮಾಮ ಹಿಂದಿನಿಂದ ಕರಗುವ ಸಾಲುಗಳನ್ನು ನೋಡಿದ್ದ. ಮುಂದಿನಿಂದ ಬಿಚ್ಚಿಕೊಳ್ಳುವ ಸಾಲನ್ನು ಇದೇ ಮೊದಲು ನೋಡಿದ್ದು.

ಅವನ ಕಣ್ಣು ಹಸಿರು ಚೀಲವನ್ನು ಹುಡುಕಿತು. ಇದ್ದ, ನಲವತ್ತನೆಯವನೋ ಏನೋ. ನೆಲ ನೋಡುತ್ತ, ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದ. ಒಂದು ಕಾಲು ಆಗಲೇ ಸಾಲಿನಿಂದ ಹೊರಗಿತ್ತು.

ಮಾಮ ತಾನೂ ಸೂಜಿಗೆ ಹೆದರುವವನೇ. ಹಲ್ಲುನೋವು ಬಂದರೆ ಲವಂಗ ಕಚ್ಚಿಕೊಂಡು ತಿಂಗಳು ತಳ್ಳುವವನು. ಅದಿರಲಿ, ಈ ವಯಸ್ಸಿನಲ್ಲಿ ಮಾಮನಿಗೆ ಯಾಕಪ್ಪ ಆ ಪರೀಕ್ಷೆ ಎಂದು ನಾಳೆ ಜನ ಆಡಿಕೊಳ್ಳುವುದು ಅವನಿಗೆ ಗೊತ್ತಿರಲಿಲ್ಲವೇ? ಆಡಿಕೊಂಡದ್ದು ಹುಡುಗಿಯರ ಹಾಸ್ಟೆಲಿನ ಅಡುಗೆಮನೆಗೆ ಮುಟ್ಟಿದರೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲವೇ? ಎಲ್ಲ ಗೊತ್ತಿತ್ತು. ಆದರೆ ಕಣ್ಣಿಗೆ ಕಾಣುತ್ತಿದ್ದುದು ಒಂದು ಬೆಂಚು, ಅದರ ಆ ತುದಿಯಲ್ಲಿ ತಮ್ಮ, ಈ ತುದಿಯಲ್ಲಿ ಪೇಪರು ಅಡ್ಡ ಹಿಡಿದ ತಾನು. ಅವತ್ತು ನಾನೇ ಮೊದಲು ಎದ್ದು ಆ ಬಾಗಿಲೊಳಗೆ ಹೋಗಿದ್ದಿದ್ದರೆ? ಇಪ್ಪತ್ತು ವರ್ಷ ಅವನನ್ನು ಕೊರೆದ ಪ್ರಶ್ನೆ ಅದೇ.

ಮಾಮ ತನ್ನ ಜಾಗ ಬಿಟ್ಟು ಬಂದು, ಸಾಲಿನ ಎಲ್ಲರಿಗಿಂತ ಮುಂದೆ, ಪರದೆಗೆ ಮುಖ ಮಾಡಿ ನಿಂತ. ನಿಂತು, ತನ್ನ ಬಲಗೈಯನ್ನು ತಾನೇ ಎತ್ತಿ, "ಮುಂದಿನವರು!" ಎಂದು ಕೂಗಿಕೊಂಡು ಒಳಗೆ ಹೋದ. 

"ಹೆಸರು ಬೇಡ, ನಂಬರ್ ಸಾಕು. ಪರೀಕ್ಷೆಗೆ ನಿಮ್ಮ ಒಪ್ಪಿಗೆ ಇದೆಯಾ?" ನರ್ಸಮ್ಮ ಕೇಳಿದರು.

"ಇಲ್ಲ ಅಂದ್ರೆ?"

"ನೀರು ಕುಡಿದು ಹೋಗಿ."

ಮಾಮ ಲೋಟವನ್ನು ಆಸೆಯಿಂದ ನೋಡಿದ. "ಇದೆ. ಆದ್ರೆ ನಾನು ಆ ಕಡೆ ನೋಡ್ತೀನಿ."

ಚುಚ್ಚಿದ್ದು ಗೊತ್ತೇ ಆಗಲಿಲ್ಲ. ನರ್ಸಮ್ಮ ಬೆರಳಿಗೆ ಪಟ್ಟಿ ಸುತ್ತಿ, ಚೀಟಿ ಕೊಟ್ಟು, ನಾಳೆ ಆರೋಗ್ಯ ಕೇಂದ್ರಕ್ಕೆ ಬಂದರೆ ನಿಮಗೊಬ್ಬರಿಗೇ ಹೇಳುತ್ತೇನೆ ಎಂದರು. ಮಾಮ ಹೊರಬಂದು ಬೆರಳು ಎತ್ತಿ ತೋರಿಸಿ, "ನೋಡಿ, ಜೀವ ಇದೆ! ಮುಂದಿನವರು!" ಅಂದ.

ಯಾರೂ ಅಲುಗಲಿಲ್ಲ. ಆ ಮಾತಿಗೆ ಸಾಲು ಅಲುಗದೇ ಇದ್ದದ್ದು ಅದೇ ಮೊದಲು. 

ಗಾಳಿಸುದ್ದಿಗೆ ಮಾತ್ರ ಯಾರ ಅಪ್ಪಣೆಯೂ ಬೇಡ. ಅದು ವರಾಂಡದಿಂದ ಗ್ರಂಥಾಲಯಕ್ಕೆ, ಗ್ರಂಥಾಲಯದಿಂದ ಕ್ಯಾಂಟೀನಿಗೆ, ಕ್ಯಾಂಟೀನಿನಿಂದ ಹಾಸ್ಟೆಲಿಗೆ ಹನ್ನೆರಡು ನಿಮಿಷದಲ್ಲಿ ತಲುಪಿತು. ಹೊರಟಾಗ "ಮಾಮ ಪರೀಕ್ಷೆ ಮಾಡಿಸಿಕೊಂಡರು" ಎಂದಿದ್ದದ್ದು ಅಡುಗೆಮನೆ ಮುಟ್ಟುವಾಗ "ಮಾಮ ಇನ್ನು ಸ್ವಲ್ಪ ದಿನವಂತೆ" ಆಗಿತ್ತು. ಅತ್ತೆ ಏಪ್ರನ್ನು ಕೂಡ ಬಿಚ್ಚದೆ ಹೊರಟಳು. ಹಿಂದೆ ಐದು ಜನ ಹೆಂಗಸರು.

ಅವಳು ವರಾಂಡದ ಮೆಟ್ಟಿಲು ಹತ್ತಿದ್ದನ್ನು ಕಂಡು ಸಾಲು ಎರಡಾಗಿ ದಾರಿ ಬಿಟ್ಟಿತು. ಆರುನೂರು ಜನರೂ ಉಸಿರು ಬಿಗಿಹಿಡಿದರು. ಕೈಯಲ್ಲಿ ಚಾಕು ಇಲ್ಲ ಎಂಬುದನ್ನು ನೋಡಿ ಮಾಮ ಅರ್ಧ ಉಸಿರು ಬಿಟ್ಟ.

"ಏನ್ರೀ, ಪರೀಕ್ಷೆ ಮಾಡಿಸ್ಕೊಂಡ್ರಂತೆ?"

"ಹೂಂ ಕಣೇ."

"ನಂಗೊಂದು ಮಾತು ಹೇಳಲಿಲ್ಲ."

"ಹೇಳೋಕೆ ಹೊತ್ತೆಲ್ಲಿತ್ತು? ಕ್ಯೂ ನೋಡು, ಹಾಳಾಗ್ತಾ..."

"ಮೂವತ್ತು ವರ್ಷ ಸಂಸಾರ ಮಾಡಿದೀನಿ. ಒಂದು ಬನಿಯನ್ ತರೋಕೂ ನಾನಿಲ್ದೆ ಅಂಗಡಿಗೆ ಹೋದವರಲ್ಲ. ಇದಕ್ಕೆ ಮಾತ್ರ ನನ್ನ ಬಿಟ್ಟು ಒಬ್ರೇ ಬಂದ್ರಾ?" ಎಂದವಳೇ ಸೊಂಟಕ್ಕೆ ಕೈ ಇಟ್ಟು ಸುತ್ತ ನೋಡಿದಳು. "ಎಲ್ಲಿ ನಿಂತ್ಕೋಬೇಕು?"

ಮಾಮನಿಗೆ ತಾನು ಕೇಳಿದ್ದು ನಿಜವೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆದರೂ ಅಭ್ಯಾಸ ಬಿಡುತ್ತದೆಯೇ? "ಕೊನೇಲಿ ಹೋಗಿ ನಿಂತ್ಕೋ. ಮಧ್ಯೆ ನುಗ್ಗೋ ಹಾಗಿಲ್ಲ," ಅಂದ.

"ಮುಂದೆ ಯಾರಾದ್ರೂ ಇದ್ರೆ ತಾನೇ ಹಿಂದೆ ಹೋಗೋದು? ಕಣ್ಣು ಬಿಟ್ಟು ನೋಡ್ರೀ, ಇಲ್ಲೆಲ್ಲ ಖಾಲಿ!" ನಿಜವೇ. ಪರದೆಗೂ ಸಾಲಿನ ಮೊದಲಿಗನಿಗೂ ನಡುವೆ ಹತ್ತು ಜನ ನಿಲ್ಲುವಷ್ಟು ಜಾಗ ಬರಿದಾಗಿತ್ತು. ಅತ್ತೆ ಅಲ್ಲಿ ಹೋಗಿ ನಿಂತಳು. ಅವಳ ಹಿಂದೆ ಐದು ಏಪ್ರನ್ನುಗಳು ಸಾಲಾಗಿ ನಿಂತವು. ಆಮೇಲೆ ಅತ್ತೆ ಹಿಂದಕ್ಕೆ ತಿರುಗಿ ವಿದ್ಯಾರ್ಥಿಗಳನ್ನು ಒಮ್ಮೆ ಅಡಿಯಿಂದ ಮುಡಿಯತನಕ ನೋಡಿದಳು. "ನಾಚಿಕೆ ಆಗಲ್ವಾ ನಿಮಗೆ? ಮೂರು ವರ್ಷ ಹಾಸ್ಟೆಲ್ ಊಟ ತಿಂದು ಅರಗಿಸ್ಕೊಂಡಿದೀರಿ, ಒಂದು ಸೂಜಿಗೆ ಹೆದರ್ತೀರಾ?"

ವರಾಂಡವೇ ಹಾರಿಹೋಗುವ ಹಾಗೆ ನಗು ಎದ್ದಿತು. ಮಧ್ಯಾಹ್ನ ಬರುತ್ತೇನೆ ಎಂದಿದ್ದ ಗೋಲ್‌ಕೀಪರ್ ತಲೆ ಕೆರೆಯುತ್ತ ಬಂದು ಐದನೆಯ ಏಪ್ರನ್ನಿನ ಹಿಂದೆ ನಿಂತ. ಪುಸ್ತಕ ನೆನಪಾಗಿದ್ದವಳು ಬಂದಳು, ಫೋನಿನವನು ಬಂದ. ಮಾಮ ಬಲಗೈ ಎತ್ತಿದ. ಈ ಸಲ ಸಾಲು ಚಲಿಸಿತು, ದೇವರಾಣೆ ಹೇಳುತ್ತೇನೆ, ಉಗಿಬಂಡಿ ಹೊರಟ ಹಾಗೆ ಚಲಿಸಿತು. ಪರದೆಯ ಈ ಕಡೆ ಒಳಗೆ ಹೋದವರು ಆ ಕಡೆ ಬೆರಳಿಗೊಂದು ಪಟ್ಟಿ ಸುತ್ತಿಕೊಂಡು ಬಂದು, ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದರು.

ನಲವತ್ತನೆಯವನ ಸರದಿ ಬಂತು. ಹಸಿರು ಚೀಲ ಪರದೆಯ ಮುಂದೆ ಬಂದು ನಿಂತುಬಿಟ್ಟ.  ಹಿಂದಿನವಳು "ಹೋಗಿ" ಎನ್ನಲು ಬಾಯಿ ತೆರೆದಳು, ಮಾಮ ಕಣ್ಣಲ್ಲೇ ತಡೆದ. ಹೇಳಬೇಕೆಂದರೆ ನೂರು ಮಾತಿದ್ದವು. ಹೆದರಬೇಡ ಮಗಾ, ನಾನಿದ್ದೀನಿ, ನನ್ನ ತಮ್ಮನ ಹಾಗೆ ಮಾಡಬೇಡ. ಒಂದನ್ನೂ ಹೇಳಲಿಲ್ಲ. ತನ್ನ ಜಾಗದಿಂದ ಎರಡು ಹೆಜ್ಜೆ ಸರಿದು ಬಂದು, ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತ. ಸ್ವಲ್ಪ ಹೊತ್ತು ಇಬ್ಬರೂ ಪರದೆಯನ್ನು ನೋಡುತ್ತ ನಿಂತರು. ಆಮೇಲೆ ಮಾಮ ಮೆಲ್ಲಗೆ, ಅವನೊಬ್ಬನಿಗೇ ಕೇಳುವಂತೆ, "ಮುಂದಿನವರು," ಅಂದ. ಹಸಿರು ಚೀಲ ಒಳಗೆ ಹೋದ.

ಎಷ್ಟು ಜನ ಬೆರಳು ಕೊಟ್ಟರು, ಎಷ್ಟು ಜನ ನೀರು ಕುಡಿದರು ಎಂದು ಮೈಕು ಸಂಜೆ ಗೋಗರೆದು ಕೇಳಿದಳು. ನರ್ಸಮ್ಮ ಬಾಯಿಬಿಡಲಿಲ್ಲ. ಕಿಟ್ಟು ಮುಗಿದು ಮಧ್ಯಾಹ್ನ ಇನ್ನೊಂದು ಪೆಟ್ಟಿಗೆ ತರಿಸಬೇಕಾಯಿತು ಎಂದಷ್ಟೇ ಹೇಳಿ ನಕ್ಕರು. ಮೈಕು ಎಷ್ಟು ಜೋರಾಗಿ ಕೇಕೆ ಹಾಕಿದಳೆಂದರೆ ಸೈಕಲ್ ಸ್ಟ್ಯಾಂಡಿನ ಬೆಕ್ಕು ಎದ್ದು ಓಡಿತು. ಮರುದಿನ ಅತ್ತೆ ಆರೋಗ್ಯ ಕೇಂದ್ರಕ್ಕೆ ಹೋಗಿ ತನ್ನ ಫಲಿತಾಂಶ ಕೇಳಿಕೊಂಡು, "ಇವರದ್ದೂ ಹೇಳಿಬಿಡಿ," ಅಂದಳು. ನರ್ಸಮ್ಮ ಆಗುವುದಿಲ್ಲ ಎಂದರು. "ನಾನು ಹೆಂಡತಿ!" ಅಂದಳು. "ಅವರನ್ನೇ ಕೇಳಿ," ಅಂದರು. ಮಾಮ ಹೊರಗೆ ಕೂತು ನಗುತ್ತಿದ್ದ. ಮನೆಗೆ ಬರುವ ದಾರಿಯಲ್ಲಿ ತಾನಾಗಿಯೇ ಹೇಳಿದ, ಏನೂ ಇಲ್ಲ ಎಂದು.

ಹಸಿರು ಚೀಲದವನ ವಿಷಯ ಮಾಮ ಯಾರನ್ನೂ ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟವಾಯಿತು ಎಂದರೆ ಆ ವಾರ ಎರಡು ಸಲ ಬೀನ್ಸಿನ ನಾರಿನ ಬದಲು ಬೀನ್ಸನ್ನೇ ಕಸಕ್ಕೆ ಹಾಕಿ ಬೈಸಿಕೊಂಡ. ಕೊನೆಯ ಪರೀಕ್ಷೆ ಮುಗಿದ ದಿನ, ಜನವೆಲ್ಲ ಹೋದ ಮೇಲೆ, ಆ ಹುಡುಗನೇ ವರಾಂಡಕ್ಕೆ ಬಂದು ಮಾಮನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ.

"ನಂಗೆ ಇದೆ ಮಾಮ."

ಮಾಮ ಅವನ ಕಡೆಗೆ ತಿರುಗಿದ.

"ಮಾತ್ರೆ ಶುರು ಮಾಡಿದೀನಿ. ದಿನಕ್ಕೆ ಒಂದೇ. ಮೊದಲನೇ ವಾರ ತಲೆ ಸುತ್ತಿತು, ಈಗ ಏನೂ ಇಲ್ಲ. ಡಾಕ್ಟರು ಏನಂದ್ರು ಗೊತ್ತಾ? ಸರಿಯಾದ ಟೈಮಿಗೆ ಬಂದಿದ್ದೀಯ, ಮುದುಕ ಆಗೋವರೆಗೂ ಬದುಕ್ತೀಯ, ಆಮೇಲೆ ಮಂಡಿನೋವು ಬಂದ್ರೆ ನನ್ನ ಬೈಬೇಡ ಅಂದ್ರು." ಅವನು ನಕ್ಕ. "ಪಿಎಚ್‌ಡಿ ಮಾಡೋಣ ಅಂತಿದೀನಿ. ಇಲ್ಲೇ."

ಮಾಮ ನಗಲು ಹೋಗಿ ಅತ್ತ, ಅಳು ಒರೆಸಿಕೊಳ್ಳಲು ಹೋಗಿ ನಕ್ಕ. ಅವನ ಬೆನ್ನು ಸವರಿದ್ದೇ ಸವರಿದ್ದು. ಬಹಳ ಹೊತ್ತಿನ ಮೇಲೆ ತಮ್ಮನ ಬೆಂಚಿನ ಕಥೆಯನ್ನು, ಪೇಪರು ಅಡ್ಡ ಹಿಡಿದದ್ದರ ಸಮೇತ, ಮೊದಲ ಸಲ ಬಾಯಿಬಿಟ್ಟು ಹೇಳಿದ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಕಿಟ್ಟು ನಿಲ್ಲಲಿಲ್ಲ, ಸಂಘವೂ ನಿಲ್ಲಲಿಲ್ಲ. ಆರು ಇದ್ದವರು ನಲವತ್ತಮೂರು ಜನರಾದರು. ಆರು ತಿಂಗಳ ಮೇಲೆ ಮತ್ತೆ ಹಾಲ್ ಟಿಕೆಟ್ಟಿನ ಸೋಮವಾರ ಬಂತು, ಮತ್ತೆ ಅದೇ ಪರದೆ. ಹಿಂದಿನ ದಿನವೇ ಮಾಮನಿಗೆ ಒಂದು ಚಿಂತೆ ಹಿಡಿದಿತ್ತು. ಈಗ ಹೊಸ ಮಕ್ಕಳು, ಅವರಿಗೆ ಹಿಂದಿನದು ಗೊತ್ತಿಲ್ಲ, ಈ ಸಲ ಮೊದಲು ನಿಲ್ಲುವವರು ಯಾರು? "ಮತ್ತೆ ನಾನೇ ಬರ್ಬೇಕಾ? ಎರಡು ಮೂಟೆ ಈರುಳ್ಳಿ ಇದೆ," ಎಂದು ಅತ್ತೆ ಆಗಲೇ ಗೊಣಗಿದ್ದಳು. ಬೆಳಿಗ್ಗೆ ಒಂಬತ್ತಕ್ಕೇ ಮಾಮ ಬಾಗಿಲು ತೆರೆಯಲು ಬಂದ.

ಖಾಲಿ ವರಾಂಡದಲ್ಲಿ, ಪರದೆಯ ಮುಂದೆ, ಹಸಿರು ಚೀಲದವನು ಒಬ್ಬನೇ ಸಾಲಾಗಿ ನಿಂತಿದ್ದ.

ಇಪ್ಪತ್ತು ವರ್ಷದಲ್ಲಿ ಅಂದು ಮೊದಲ ಸಲ ಮಾಮನ ಕಟ್ಟುನಿಟ್ಟು ಜಾರಿತು. "ನೀನ್ಯಾಕಪ್ಪ ಬಂದು ನಿಂತೆ? ನಿಂಗೆ ಪರೀಕ್ಷೆ ಬೇಕಾಗಿಲ್ಲ, ಹಾಲ್ ಟಿಕೆಟ್ಟೂ ಬೇಕಾಗಿಲ್ಲ!"

"ಕ್ಯೂನಲ್ಲಿ ನಿಂತವರನ್ನ ಯಾಕೆ ಬಂದೆ ಅಂತ ಕೇಳಬಾರದು ಮಾಮ," ಅಂದ ಅವನು. "ಒಳಗೆ ಹೋಗಿ ಒಂದು ಲೋಟ ನೀರು ಕುಡಿದು, ಪಟ್ಟಿ ಹಾಕಿಸ್ಕೊಂಡು ಬರ್ತೀನಿ. ಬಾಯಾರಿದೆ."

 ಅಷ್ಟರಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಅತ್ತ ನೋಡಿದಳು, ಇತ್ತ ನೋಡಿದಳು. ಹಸಿರು ಚೀಲದ ಹಿಂದೆ ಬಂದು ನಿಂತು, ಅವನ ಭುಜ ತಟ್ಟಿದಳು.

"ಇದು ಏನಕ್ಕೆ ಕ್ಯೂ?"

"ನಿಂತ್ಕೊಳ್ಳಿ, ಗೊತ್ತಾಗುತ್ತೆ," ಅಂದ ಅವನು.

ಅವಳ ಹಿಂದೆ ಇನ್ನಿಬ್ಬರು ಬಂದರು, ಅವರ ಹಿಂದೆ ನಾಲ್ವರು. ಮಾಮ ಕಣ್ಣೊರೆಸಿಕೊಂಡು, ಬಲಗೈ ಎತ್ತಿ, ಹುಡುಗಿಯರ ಹಾಸ್ಟೆಲಿನ ಅಡುಗೆಮನೆಗೂ ಕೇಳಲಿ ಎನ್ನುವ ಹಾಗೆ ಕೂಗಿದ, "ಮುಂದಿನವರು!"